ಸಾಣೆ ಹಿಡಿದವಳು

"ನನ್ನ ಕೊಡಲಿ ಎಲ್ಲೋ?!"

ಶಿವಮೊಗ್ಗ ಬಸ್ ಸ್ಟ್ಯಾಂಡ್ ಎದುರಿನ ಬೇಕರಿಯಲ್ಲಿ ಬಿಸ್ಕತ್ತು ಕಟ್ಟುತ್ತಿದ್ದವರ ಕೈ ನಿಂತಿತು. ಟೀ ಕುಡಿಯುತ್ತಿದ್ದ ಹಿರಿಯರೊಬ್ಬರು ಲೋಟ ಹಿಡಿದೇ ಹಿಂದೆ ಸರಿದರು.

ಪ್ರಣವ ಗಡಬಡಿಸಿ ಎದ್ದ. ತಿಂಗಳುಗಟ್ಟಲೆ ಇಯರ್‌ಫೋನಿನಲ್ಲಿ ಕೇಳಿದ ದನಿ... ಮುಖ ನೋಡಿದ್ದು ಇವತ್ತೇ!

"ಗೇಮ್ ವಿಷಯ ಸರ್, ಗೇಮ್!" ಎಂದು ಸುತ್ತಲಿದ್ದವರಿಗೆ ಹೇಳಿ, ಅವಳತ್ತ ತಿರುಗಿದ. "ಸುಪ್ರಿಯಾ... ಕೂತ್ಕೋ."

"ಕೂರೋಕೆ ಬಂದಿಲ್ಲ!"

ಭದ್ರಾವತಿಯ ಓಲ್ಡ್ ಟೌನಿನಿಂದ ಬರುವಾಗಲೂ ಅವಳು ಕೂತಿರಲಿಲ್ಲ. ಸೀಟು ಖಾಲಿಯಿದ್ದರೂ ಬಸ್ಸಿನ ಬಾಗಿಲ ಬಳಿಯೇ ನಿಂತು ಬಂದಿದ್ದಳು.

ಕಾಡಿನಲ್ಲಿ ಬದುಕುಳಿಯುವ ಆಟ ಅದು. ತಂಡದ ಗಂಡಸರೆಲ್ಲ ಬೇಟೆಗೆ, ಕಾಳಗಕ್ಕೆ ಹೋಗುವರು. ಮರಳಿ ಬಂದು ಸವೆದ ಕತ್ತಿ, ಮೊಂಡು ಈಟಿಗಳನ್ನು ಸುಪ್ರಿಯಾಳ ಮುಂದೆ ಸುರಿಯುವರು. ಅವಳು ಗುಡಾರದಲ್ಲೇ ಕೂತು ಎಲ್ಲವನ್ನೂ ದುರಸ್ತಿ ಮಾಡಬೇಕು. ಗೆದ್ದವರ ಹೆಸರು ಪರದೆಯ ಮೇಲೆ ಮಿನುಗುತ್ತದೆ. ಸಾಣೆ ಹಿಡಿದವಳ ಹೆಸರು? ಎಲ್ಲಿಯೂ ಇಲ್ಲ! ಹೊಸ ಕಾಡು ಕಟ್ಟಿದರೂ ಹೆಣ್ಣಿಗೆ ಉಳಿಸಿದ್ದು ಹಳೆಯ ಮೂಲೆಯನ್ನೇ.

ತನ್ನದೆಂದು ಅವಳಿಗಿದ್ದದ್ದು ಒಂದೇ ಕೊಡಲಿ. ಮೊನ್ನೆ ಅದೂ ಕಾಣೆಯಾಗಿತ್ತು.

"ಪ್ರಣವ ಒಯ್ದ, ಕಬ್ಬಿಣಕ್ಕೆ ಅಂತ ಕರಗಿಸಿರ್ತಾನೆ. ಗುಡಾರದಲ್ಲಿ ಕೂರೋಳಿಗೆ ಕೊಡಲಿ ಯಾಕಮ್ಮಾ?" ಎಂದು ತಂಡದ ನಾಯಕ ಪರಶುರಾಮ ನಕ್ಕಿದ್ದ. ಪ್ರಣವ ಫೋನೇ ಎತ್ತಿರಲಿಲ್ಲ. ಇವತ್ತು ಬೆಳಿಗ್ಗೆ, ಈ ಬೇಕರಿಗೆ ಬಾ ಎಂದು ಮೆಸೇಜಷ್ಟೇ ಕಳಿಸಿದ್ದ.

ಇವನೂ ಅಷ್ಟೇನಾ...? ಕೇಳಿಯೇ ಬಿಡಬೇಕೆಂದು ಬಸ್ ಹತ್ತಿದ್ದಳು.

"ಕರಗಿಸ್ಲಿಲ್ಲ ಮಾರಾಯ್ತಿ," ಪ್ರಣವ ತನ್ನ ಫೋನ್ ಮುಂದಿಟ್ಟ. "ಪರಶುರಾಮ ಕರಗಿಸ್ತೀನಿ ಅಂದ, ಅದಕ್ಕೇ ಎತ್ಕೊಂಡೆ. ನಾನೇ ರಿಪೇರಿ ಮಾಡಿ ಕೊಡೋಣ ಅಂತ ಕೂತೆ. ಕೆಟ್ಟೋಯ್ತು! ಅರ್ಧ ಬಲ ಹೋಯ್ತು. ಯಾವ ಮುಖ ಇಟ್ಕೊಂಡು ಫೋನ್ ಎತ್ತಲಿ?"

ಆಟದ ನಿಯಮವೇ ಹಾಗೆ. ಕೈ ಪಳಗದವನು ದುರಸ್ತಿಗೆ ಕೂತರೆ ಆಯುಧದ ಆಯಸ್ಸು ಪ್ರತಿ ಸಲವೂ ಕುಗ್ಗುತ್ತದೆ.

ಅವಳಿಗೆ ನಗು ಬಂತು. ನುಂಗಿಕೊಂಡಳು.

"ಒಂದೇ ಪ್ರಶ್ನೆ ಪ್ರಣವ. ನಿಂಗೆ ಬೇಕಿರೋದು ನಾನಾ, ನನ್ನ ರಿಪೇರಿನಾ? ರಿಪೇರಿ ಆದ್ರೆ ಈಗ್ಲೇ ಟೀಮ್ ಬಿಡ್ತೀನಿ. ನಿನ್ನೂ!"

ಅವನು ತಲೆ ತಗ್ಗಿಸಿದ.

"ಮೊದಮೊದ್ಲು ರಿಪೇರಿನೇ... ಸುಳ್ಳು ಹೇಳಲ್ಲ. ಆಮೇಲೆ ಕತ್ತಿ ಚೆನ್ನಾಗಿದ್ರೂ ಬಂಡೆಗೆ ಬಡೀತಿದ್ದೆ. ಸವೆದ್ರೆ ನಿನ್ನ ಹತ್ರ ಬರಬಹುದಲ್ಲ... ನೀನು ಸಾಣೆ ಹಿಡಿಯೋವಷ್ಟು ಹೊತ್ತು ಮಾತಾಡಬಹುದಲ್ಲ ಅಂತ..."

ಅವಳ ಕೆನ್ನೆ ಕೆಂಪಾದದ್ದು ನಾಚಿಕೆಗಲ್ಲ!

"ಅಂದ್ರೆ... ನನ್ ಜೊತೆ ಮಾತಾಡೋಕೆ ನಂಗೇ ಕೆಲಸ ಜಾಸ್ತಿ ಮಾಡ್ದ್ಯಾ?!"

ಪ್ರಣವ ಹಣೆ ಚಚ್ಚಿಕೊಂಡ.

"ಅಯ್ಯೋ... ಹಾಗೆ ಯೋಚ್ನೇನೇ ಮಾಡಿರ್ಲಿಲ್ಲ."

"ಯಾರೂ ಮಾಡಲ್ಲ! ಅದೇ ನನ್ ಸಿಟ್ಟು!"

ಅವನು ತನ್ನ ಫೋನ್ ಎತ್ತಿಕೊಂಡ. "ಇವತ್ತಿಂದ ಗುಡಾರದಲ್ಲಿ ನಾನು ಕೂರ್ತೀನಿ. ನನ್ ಕತ್ತಿ ತಗೊಂಡು ನೀನು ಹೋಗು. ರಿಪೇರಿ ಕಲಿಸು... ಬೇಡ ಬೇಡ, ಅದೂ ನಿಂಗೇ ಕೆಲಸ! ನಾನೇ ಕಲ್ತ್ಕೋತೀನಿ."

"ಪರಶುರಾಮ ನಗ್ತಾನೆ."

"ನಗ್ಲಿ. ಅವನ ಈಟಿ ನನ್ ಕೈಗೆ ಸಿಕ್ಕಿದ ಮೇಲೆ ಅಳ್ತಾನೆ."

ಈ ಸಲ ನಗು ನುಂಗಲಾಗಲಿಲ್ಲ. ಸುಪ್ರಿಯಾ ಕುರ್ಚಿ ಎಳೆದು ಕೂತಳು. ಫೋನ್ ತೆರೆದು, ಅವನ ಕತ್ತಿ ಹಿಡಿದು, ಒಬ್ಬಳೇ ಕಾಡಿಗೆ ನುಗ್ಗಿದಳು.

ಪ್ರಣವ ತರಿಸಿದ ಟೀ ಆರಿತು. ಗುಡಾರದಲ್ಲಿ ಕೂತವನಿಗೆ ಚಡಪಡಿಕೆ.

"ಎಲ್ಲಿದೀಯಾ? ತೋಳ ಕೂಗ್ತಿದೆ..."

"ಎದುರಿಗೇ ಇದೀನಲ್ಲೋ!"

"ಇಲ್ಲಿ ಅಲ್ಲ, ಅಲ್ಲಿ, ಕಾಡಲ್ಲಿ! ಬೇಗ ಬಾ. ಭಯ ಆಗುತ್ತೆ... ನೀನಂದ್ರೆ ಇಷ್ಟ ಕಣೇ."

ಅವಳ ಬೆರಳು ಪರದೆಯ ಮೇಲೆ ನಿಂತಿತು. ಫೋನ್ ಕೆಳಗಿಟ್ಟು, ಮೇಜಿನ ಮೇಲಿದ್ದ ಅವನ ಕೈಯನ್ನು ಬಿಗಿಯಾಗಿ ಹಿಡಿದಳು.

"ಸಿಟ್ಟು ಇಳೀತಾ?"

"ಇಲ್ಲ."

"ಮತ್ತೆ ಕೈ...?"

"ಸಿಟ್ಟಿದ್ರೂ ಹಿಡ್ಕೋಬಹುದು. ಸುಮ್ನಿರು."