ಎಡಕ್ಕೆ ಏಳು, ಬಲಕ್ಕೆ ಐದು

ಲೋಕದ ಗಮನಕ್ಕೆ ತರಲೇಬೇಕಾದ ಒಂದು ಗಂಭೀರ ವಿದ್ಯಮಾನ: ೧೯೮೪ರ ಒಂದು ಮಂಗಳವಾರ ಆರ್.ಟಿ. ನಗರದಲ್ಲಿ ಮಲ್ಕಾ ಟೀಚರ್ ಅವರ ಎಡಗಾಲಿನ ಚಪ್ಪಲಿ ಬಿಗಿಯಾಯಿತು.

ಬಲಗಾಲಿನದು ಸರಿಯಾಗಿಯೇ ಇತ್ತು.

"ಎಂಥ ಚರ್ಮ ರೀ ಇದು? ಒಂದೇ ವಾರಕ್ಕೆ ಕುಗ್ಗಿದೆ!" ಮಲ್ಕಾ ಚಪ್ಪಲಿಯನ್ನು ಗಲ್ಲಾದ ಮೇಲೆ ಕುಟ್ಟಿದಳು.

ಅಂಗಡಿಯ ಮಜೀದ್ ಅದನ್ನು ತಿರುಗಿಸಿ ನೋಡಿದ. "ಕುಗ್ಗೋದಾದ್ರೆ ಎರಡೂ ಕುಗ್ಬೇಕಲ್ವಾ, ಮೇಡಂ?"

ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಇಬ್ಬರೂ ಜಗಳಕ್ಕೆ ಕನ್ನಡವನ್ನೇ ಆರಿಸಿಕೊಂಡಿದ್ದರು.

"ಎಡಕ್ಕೆ ಏಳನೇ ನಂಬರ್ ಕೊಡಿ. ಬಲಕ್ಕೆ ಐದೇ ಇರ್ಲಿ."

"ಹಾಗೆ ಜೋಡಿ ಒಡೆದು ಮಾರಿದ್ರೆ ನಮ್ಮ ಅಬ್ಬಾ ನನ್ನನ್ನೇ ಹೊರಗೆ ಹಾಕ್ತಾರೆ!" ಎನ್ನುತ್ತಾ ಅವನು ಅವಳ ಪಾದ ನೋಡಿದ. ನಗು ನಿಂತಿತು. "ಕಾಲು ಊದಿದೆ. ಒಂದೇ ಕಾಲು... ಯಾಕೆ?"

'ಯಾಕಂತೆ! ಇವನಿಗ್ಯಾಕೆ?'

ಹೋದ ವಾರ ಇವನು ಹೆಣ್ಣು ನೋಡಲು ಬಂದು ಅವಳ ಹೆಸರು ಕೇಳುವಷ್ಟರಲ್ಲೇ ಹೊಟ್ಟೆ ನುಲಿದು ಮಲ್ಕಾ ಎದ್ದು ಓಡಿದ್ದಳು. ಎರಡು ವರ್ಷದಿಂದ ಕರುಳು ಊದಿ ರಕ್ತ ಹೋಗುವ ಕಾಯಿಲೆ. ಮದುವೆಯಾಗುವವರೆಗೂ ಬಾಯಿ ಬಿಡಬಾರದೆಂದು ತಾಯಿ ಅಕ್ಬರಿಯ ಕಟ್ಟಪ್ಪಣೆ.

ಆ ಓಟಕ್ಕೆ ತನ್ನ ಮುಖವೇ ಕಾರಣವೆಂದು ತೀರ್ಮಾನಿಸಿದ್ದ ಮಜೀದ್, ಅಂಗಡಿಯ ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟಿದ್ದ.

"ಉಳುಕಿದೆ ಅಷ್ಟೇ," ಎಂದರು ಜೊತೆಗೆ ಬಂದಿದ್ದ ಅಕ್ಬರಿ. "ಬಿಸಿ ಎಣ್ಣೆ ಹಾಕಿ ಚೆನ್ನಾಗಿ ತಿಕ್ತೀನಿ."

"ಎಲ್ಲಾದ್ರೂ ಬಿದ್ರಾ?" ಮಜೀದ್ ಮಲ್ಕಾಳನ್ನೇ ಕೇಳಿದ.

"ಇಲ್ಲ..."

"ಮತ್ತೆ ಹೇಗೆ ಉಳುಕ್ತು? ಪಕ್ಕದಲ್ಲೇ ಡಾಕ್ಟರಮ್ಮ ಇದ್ದಾರೆ, ಕೇಳೇ ಬಿಡೋಣ!"

ಡಾಕ್ಟರ್ ಸುಬ್ಬಲಕ್ಷ್ಮಮ್ಮ ಮೀನಖಂಡ ಮುಟ್ಟಿ ಹುಬ್ಬು ಗಂಟಿಕ್ಕಿದರು. "ಈ ವಯಸ್ಸಿಗೆ ಸುಮ್ಮಸುಮ್ಮನೆ ಹೀಗಾಗಲ್ಲ. ಬೇರೆ ಕಾಯಿಲೆ ಏನಾದ್ರೂ?"

"ಏನೂ ಇಲ್ಲ! ಗುಂಡುಕಲ್ಲಿನ ಹಾಗಿದ್ದಾಳೆ!" ಬಾಗಿಲಲ್ಲಿ ನಿಂತ ಮಜೀದನಿಗೂ ಕೇಳಿಸುವಂತೆ ಅಕ್ಬರಿ ಹೇಳಿದರು.

'ಹೇಳಿದರೆ ಇವನು ಹೋಗುತ್ತಾನೆ. ಹೇಳದಿದ್ದರೆ...?'

"ಇದೆ, ಡಾಕ್ಟರ್," ಮಲ್ಕಾ ಬಾಗಿಲ ಕಡೆ ನೋಡದೆ ಹೇಳಿದಳು. "ಕರುಳಿನ ಕಾಯಿಲೆ. ರಕ್ತ ಹೋಗುತ್ತೆ."

"ಅದೇ ಮತ್ತೆ! ಕರುಳು ಊದಿದಾಗ ರಕ್ತ ಬೇಗ ಹೆಪ್ಪುಗಟ್ಟುತ್ತಮ್ಮ. ಕಾಲಿನ ರಕ್ತನಾಳದಲ್ಲಿ ಅದೇ ಆಗಿರ್ಬೇಕು, ತಿಕ್ಕಲೇಬೇಡಿ. ಹೆಪ್ಪು ಕಿತ್ಕೊಂಡು ಶ್ವಾಸಕೋಶಕ್ಕೆ ಹೋದ್ರೆ ಜೀವಕ್ಕೇ ಅಪಾಯ. ಈಗ್ಲೇ ದೊಡ್ಡಾಸ್ಪತ್ರೆಗೆ ಸೇರಿಸಿ."

"ಹೊರಗೆ ಹರಿಯೋ ರಕ್ತ ಒಳಗೆ ಹೆಪ್ಪುಗಟ್ಟುತ್ತಾ?" ಮಜೀದ್ ಕೇಳಿದ.

"ಅದೇ ಈ ಕಾಯಿಲೆಯ ವಿಚಿತ್ರ ಕಣಪ್ಪ."

ಮಲ್ಕಾ ತಿರುಗಿ ನೋಡಿದಳು. ಬಾಗಿಲು ಖಾಲಿ! 'ಹೋದ...' ಕಣ್ಣು ತುಂಬಿತು.

ಅಷ್ಟರಲ್ಲಿ ಹೊರಗೆ ಆಟೋ ಬಂದು ನಿಂತಿತು. "ಕಾಲು ಮಡಚ್ಬೇಡಿ, ಮೆಲ್ಲಗೆ ಬನ್ನಿ!" ಮಜೀದನ ದನಿ.

ರಕ್ತ ತೆಳುವಾಗಿಸುವ ಸೂಜಿಮದ್ದು ನಡೆಯುತ್ತಿದ್ದ ದಿನಗಳಲ್ಲೊಮ್ಮೆ ಅವನು ವಾರ್ಡಿಗೆ ಒಂದು ಡಬ್ಬಿ ತಂದ. ಒಳಗೆ ಎಡಕ್ಕೆ ಏಳು, ಬಲಕ್ಕೆ ಐದು.

"ಅಬ್ಬಾ ಬೈಲಿಲ್ವಾ?"

"ಬೈದ್ರು. 'ನಿಮ್ಮ ಸೊಸೆಗೆ' ಅಂದೆ, ಸುಮ್ಮನಾದ್ರು."

"ನನ್ನ ಕೇಳದೇನೇ!"

"ಅದಕ್ಕೇ ಈಗ ಕೇಳ್ತಿದ್ದೀನಿ. ಈ ಸಲ ಎದ್ದು ಓಡೋಕಾಗಲ್ವಲ್ಲ!"

"ಆಗುತ್ತೆ. ಹೊಟ್ಟೆ ಕೆಟ್ಟಾಗೆಲ್ಲ ಓಡ್ತೀನಿ... ಜೀವನಪೂರ್ತಿ."

"ಓಡಿ. ವಾಪಸ್ ಬಂದ್ರೆ ಸಾಕು."

"...ಬರ್ತೀನಿ."

ಮಲ್ಕಾಳ ಕಾಲು ಮತ್ತೆ ಐದಕ್ಕೆ ಇಳಿಯಿತು. ನಿಕಾಹ್ ಆಯಿತು. ಅಂಗಡಿಯಲ್ಲಿ ಉಳಿದ ಎಡ ಐದು, ಬಲ ಏಳರ ಜೋಡಿಯನ್ನು ಯಾರೂ ಕೊಳ್ಳಲಿಲ್ಲ.