ಲಿಂಗಪ್ಪನ ಸಂಕಲ್ಪ

"ಕೈ ಬಿಡಲೇ!"

ಕ್ಲೀನರ್ ಸತೀಶನ ಶೂ ನನ್ನ ಬೆರಳ ಮೇಲೆ ಬಿತ್ತು.

ಬಿಡಲಿಲ್ಲ. ಬಿಟ್ಟರೆ ಕೆಳಗೆ ಬಿ.ಎಚ್. ರೋಡಿನ ಡಾಂಬರು... ಹಿಂದೆ ಮರಳು ಲಾರಿ!

ಬಸ್ಸು ಎಪ್ಪತ್ತರಲ್ಲಿತ್ತು. ನಾನು ಹಿಂದಿನ ಬಾಗಿಲಲ್ಲಿ. ಒಂದು ಕಾಲು ಫುಟ್‌ಬೋರ್ಡ್ ಮೇಲೆ, ಇನ್ನೊಂದು ಗಾಳಿಯಲ್ಲಿ.

"ಆ ಹಾಳೆ ಕೊಡು. ಒಳಗೆ ಎಳ್ಕೋತೀನಿ."

"ಮೊದಲು ಎಳ್ಕೋ... ಆಮೇಲೆ ಕೊಡ್ತೀನಿ."

"ನನ್ನೇನು ಮಂಗ ಅಂದ್ಕೊಂಡ್ಯಾ?"

"ಮಂಗ ಆಗಿದ್ರೆ ಬಾಳೆಹಣ್ಣು ಕೊಟ್ಟು ಸುಧಾರಿಸ್ತಿದ್ದೆ!"

ಮತ್ತೆ ಶೂ.

ನನ್ನ ಹೆಸರು ಧರ್ಮೇಂದ್ರ. ಹನ್ನೊಂದು ವರ್ಷ ಪ್ರೈವೇಟ್ ಬಸ್ ಕಂಡಕ್ಟರ್ ಆಗಿದ್ದೆ. ಈಗ ಜನ ಕಳ್ಕೊಂಡಿದ್ದನ್ನ ಹುಡುಕಿ ಕೊಡ್ತೀನಿ. ಈ ಸಲ ಕಳ್ಕೊಂಡವನು ನಾನೇ.

ನನ್ನ ತಮ್ಮ ವಿಷ್ಣು.

ಮೂರು ತಿಂಗಳ ಹಿಂದೆ, ಬೆಳಗಿನ ಮೊದಲ ಟ್ರಿಪ್ಪು. ವಿದ್ಯಾನಗರ ಸ್ಟಾಪಿನಲ್ಲಿ ಇಳೀತಿದ್ದ. ಬಸ್ಸಲ್ಲಿ ಬೇರೆ ಪ್ಯಾಸೆಂಜರ್ ಇರಲಿಲ್ಲ. ಓನರ್ ಲಿಂಗಪ್ಪನೇ ಸ್ಟೇರಿಂಗ್ ಹಿಡಿದಿದ್ದ. ಟೈಮಿಂಗ್ ಎರಡು ನಿಮಿಷ ಲೇಟು. ಇಳಿಯೋ ಮೊದಲೇ ಎಳೆದುಬಿಟ್ಟ. ವಿಷ್ಣು ಹಿಂದಿನ ಚಕ್ರದಡಿ... ಬಸ್ಸು ನಿಲ್ಲಲೇ ಇಲ್ಲ!

"ಅವತ್ತು ನನ್ನ ಬಸ್ಸು ರೋಡಿಗೇ ಇಳಿದಿಲ್ಲ," ಅಂದ ಸ್ಟೇಷನ್ನಿನಲ್ಲಿ.

ನೋಡಿದವರು ಒಬ್ಬರೇ. ಸ್ಟಾಪಿನ ಎದುರು ಮಹಡಿ ಮನೆಯ ಈಶ್ವರಮ್ಮ. ಮನೆ ಲಿಂಗಪ್ಪನದು, ಇವರು ಬಾಡಿಗೆಗಿದ್ದವರು. ನಿನ್ನೆ ನನ್ನ ಹತ್ತಿರ ಬಾಯಿಬಿಟ್ರು. ಇವತ್ತು ಬೆಳಿಗ್ಗೆ ಅವರ ಪಾತ್ರೆ, ಮಂಚ ಬೀದಿಗೆ ಬಿತ್ತು.

ಲಿಂಗಪ್ಪ ಇದನ್ನ ಬಾಡಿಗೆಯವಳ ಹೊಟ್ಟೆಕಿಚ್ಚು ಅಂತಾನೆ. ಸಾಕ್ಷಿಗೆ ಕಾಗದ ಬೇಕಿತ್ತು.

ಆಗ ಹೊಳೀತು. ಪ್ರಾಣ ತೆಗೆದ ಬಸ್ಸನ್ನ ಶಾಂತಿ ಪೂಜೆ ಮಾಡಿಸದೆ ಲಿಂಗಪ್ಪನಂಥ ಓನರು ರೂಟಿಗೆ ಬಿಡಲ್ಲ. ಪೂಜೆಗೆ ಮೊದಲು ಸಂಕಲ್ಪ. ಅಲ್ಲಿ ನಿಜ ಹೇಳಬೇಕು. ಪೊಲೀಸರಿಗೆ ಸುಳ್ಳು ಹೇಳಬಹುದು... ದೇವರಿಗೆ ಹೇಳಿದ್ರೆ ದೋಷ ಹೋಗಲ್ವಲ್ಲ!

ಭದ್ರಾವತಿ, ಓಲ್ಡ್ ಟೌನ್. ಲಿಂಗಪ್ಪ ತನ್ನ ಬಸ್ಸುಗಳಿಗೆ ಪೂಜೆ ಮಾಡಿಸೋ ಸಣ್ಣ ಗುಡಿ. ರಸೀದಿ ಪುಸ್ತಕದ ಕಾರ್ಬನ್ ಹಾಳೆಯಲ್ಲಿ ಎಲ್ಲ ಇತ್ತು. ಬಸ್ ನಂಬರು. 'ವಿಷ್ಣು ಎಂಬುವರ ಪ್ರಾಣಹಾನಿ ದೋಷ ಶಾಂತಿ.' ವಿಷ್ಣು ಸತ್ತ ಮಾರನೇ ದಿನದ ತಾರೀಖು. ಕೆಳಗೆ ಲಿಂಗಪ್ಪನ ಸಹಿ!

ಎಸ್ಸೈ ರಶ್ಮಿ ಮೇಡಂಗೆ ಫೋನ್ ಮಾಡಿದೆ.

"ಹಾಳೆ ತನ್ನಿ. ವಿದ್ಯಾನಗರ ಸ್ಟಾಪಲ್ಲಿ ಇರ್ತೀನಿ," ಅಂದ್ರು.

ಹಾಳೆ ಜೇಬಿಗಿಟ್ಕೊಂಡು ಗುಡಿಯಿಂದ ಹೊರಬಿದ್ದೆ. ಬೆಳಗಿಂದ ಹಿಂದೆ ಬಿದ್ದಿದ್ದ ಲಿಂಗಪ್ಪನ ಕಡೆಯ ಇಬ್ಬರು ಅಟ್ಟಿಸ್ಕೊಂಡು ಬಂದ್ರು. ಗಲ್ಲಿ... ತರಕಾರಿ ಗಾಡಿ... ಚರಂಡಿ ಹಾರಿದೆ! ಹೊರಟಿದ್ದ ಬಸ್ ಹತ್ತಿದೆ. ಯಾರ ಬಸ್ಸು ಅಂತ ನೋಡ್ಲಿಲ್ಲ.

ಲಿಂಗಪ್ಪನದೇ! ಅವನೇ ಡ್ರೈವರ್! ಅಟ್ಟಿಸ್ಕೊಂಡು ಬಂದವರು ಆಗಲೇ ಫೋನ್ ಮಾಡಿ ಹಾಳೆ ವಿಷಯ ಮುಟ್ಟಿಸಿದ್ರು.

ಹನ್ನೊಂದು ವರ್ಷದ ಕಂಡಕ್ಟರ್ ಮಾಡೋ ತಪ್ಪಾ ಇದು?

"ಏ, ಒಳಗೆ ಎಳ್ಕೊಳ್ರೋ ಅವನ್ನ, ಸತ್ತೋಗ್ತಾನೆ!" ಸೀಟಿಂದ ಒಬ್ಬ ಅಜ್ಜಿ ಕೂಗಿದ್ರು.

ಲಿಂಗಪ್ಪ ಕನ್ನಡಿಯಲ್ಲಿ ನೋಡಿದ. ಸ್ಪೀಡು ಏರಿತು.

ವಿದ್ಯಾನಗರ ಬಂತು. ಬೀದಿಯಲ್ಲಿ ಈಶ್ವರಮ್ಮನ ಮಂಚ. ಪಕ್ಕದಲ್ಲಿ ರಶ್ಮಿ ಮೇಡಂ ಜೀಪು. ದಾಟಿಹೋದ್ರೆ ಹಾಳೆಯೂ ಇಲ್ಲ, ನಾನೂ ಇಲ್ಲ.

ಒಂದು ಕೈ ಬಿಟ್ಟು ಜೇಬಿನಿಂದ ಹಳೇ ವಿಸಿಲ್ ತೆಗೆದೆ. ಒಂದೇ ಸಲ... ಊದಿದೆ!

ಒಂದು ವಿಸಿಲ್ ಅಂದ್ರೆ ಸ್ಟಾಪು. ಇಪ್ಪತ್ತು ವರ್ಷ ಪಳಗಿದ ಕಾಲು ಲಿಂಗಪ್ಪನ್ನ ಕೇಳಲೇ ಇಲ್ಲ. ಬ್ರೇಕ್ ಒತ್ತೇಬಿಡ್ತು!

ಸತೀಶ ಮುಗ್ಗರಿಸಿ ಸೀಟಿನಡಿ ಬಿದ್ದ. ಅಲ್ಲೇ ಇದ್ದ ಜಾಕ್ ರಾಡ್ ಎತ್ಕೊಂಡು ಮುಂದಕ್ಕೆ ನುಗ್ಗಿದೆ. ಲಿಂಗಪ್ಪನ ತಲೆ ಒಂದು ಮೊಳ ದೂರ.

"ಧರ್ಮೇಂದ್ರ... ಬೇಡ ಮಾರಾಯ... ನಿನ್ನ ತಮ್ಮನ ಹೆಸರಲ್ಲಿ ಶಾಂತಿ ಮಾಡ್ಸಿದೀನಲ್ಲೋ!"

ಇಡೀ ಬಸ್ಸು ಕೇಳಿಸ್ಕೊಳ್ತು. ಬಾಗಿಲಿಗೆ ಬಂದಿದ್ದ ರಶ್ಮಿ ಮೇಡಂ ಕೂಡ.

ರಾಡ್ ಇಳಿಸಿದೆ. ಹೊಡೀಬೇಕಿತ್ತಾ? ನಂಗಿನ್ನೂ ಗೊತ್ತಿಲ್ಲ ಸಾರ್.

ಈಶ್ವರಮ್ಮ ಮಂಚದಿಂದ ಎದ್ದು ಬಂದ್ರು.

"ಇವನೇ ಮೇಡಂ. ಕೋರ್ಟಲ್ಲೂ ಹೇಳ್ತೀನಿ. ಮನೆಯಂತೂ ಹೋಯ್ತು... ಇನ್ಯಾತಕ್ಕೆ ಹೆದರ್ಲಿ?"

ಲಿಂಗಪ್ಪ ಜೀಪು ಹತ್ತದೆ ನಿಂತ. ಬೆನ್ನಿಗೆ ಕೈ ಕೊಟ್ಟು ತಳ್ಳಿದೆ.

"ಬಾಗಿಲಲ್ಲಿ ನಿಲ್ಬೇಡಿ ಸಾರ್... ಒಳಗೆ ನಡೀರಿ, ಒಳಗೆ! ಬೇಕಾದಷ್ಟು ಜಾಗ ಇದೆ!"