ಜೀಪಿನೊಳಗಿನ ಕಪ್ಪು ದಾರ

ಕಳುವಾಗಿದ್ದ ಜೀಪು ಬೆಳಿಗ್ಗೆ ಜಗಲಿಯ ಮೇಲೇ ಇತ್ತು. ಅದೂ ರಿಪೇರಿಯಾಗಿ!

"ಸಿಕ್ತಲ್ಲ, ಇನ್ನೇನು ತನಿಖೆ?" ಎಂದೆ. ನಿವೃತ್ತ ಪೊಲೀಸ್ ದಫೇದಾರ್ ಕೋದಂಡಪ್ಪನವರನ್ನು ಕೂರಿಸಿಕೊಂಡು ಚಿನ್ನದ ಗಣಿಯ ಉರಿಗಾಂ ತನಕ ಸೈಕಲ್ ತುಳಿದ ಸಿಟ್ಟು ನನಗೆ.

"ಜೀಪು ಬಂತು ಸಾರ್," ಎಂದರು ಅದರ ಒಡೆಯ ಕುಪ್ಪುಸ್ವಾಮಿ. "ಬಾಗಿಲ ತನಕ ಬಂದೋನು ಯಾಕೆ ಕೂಗ್ಲಿಲ್ಲ? ನನ್ ಬಾಗಿಲಿಗೆ ಬೇರೆ ಯಾರು ಬತ್ತಾರೆ? ಅವನ್ಯಾರು ಅಂತ ಗೊತ್ತಾಗ್ಬೇಕು ನಂಗೆ."

ಗಣಿ ಕೆಲಸ ಬಿಟ್ಟ ಒಂಟಿ ಮನುಷ್ಯ. ತಮ್ಮ ಸಿಂಗಪುರದಿಂದ ತಂದುಕೊಟ್ಟ ಆಟದ ರಿಮೋಟ್ ಜೀಪನ್ನು ಸಂಜೆ ಬೀದಿಯಲ್ಲಿ ಓಡಿಸುವುದೇ ಅವರ ಕಾಲಕ್ಷೇಪ. ಈಚೆಗೆ ಬ್ಯಾಟರಿ ಕನೆಕ್ಟರ್ ಕೆಟ್ಟಿತ್ತು. ತಂತಿಯ ಪಿನ್ನು ಪ್ಲಾಸ್ಟಿಕ್ ಗೂಡಿನಲ್ಲಿ ನಿಲ್ಲದೆ ಹಿಂದಕ್ಕೆ ಜಾರುತ್ತಿತ್ತು. ಬಂಗಾರಪೇಟೆಯ ರೇಡಿಯೋ ಅಂಗಡಿಯವನು, ಇದಕ್ಕೆ ಬೇಕಾದ ಟೂಲ್ ಇಲ್ಲೆಲ್ಲೂ ಸಿಗಲ್ಲ ಎಂದುಬಿಟ್ಟ. ಜೀಪು ಜಗಲಿ ಸೇರಿತು. ಮೊನ್ನೆ ಅಲ್ಲಿಂದಲೇ ಮಾಯ.

ಕೋದಂಡಪ್ಪ ಬ್ಯಾಟರಿ ಮುಚ್ಚಳ ತೆಗೆದರು. ಸಣ್ಣ ಕೊಳವೆಯೊಂದು ಉದುರಿತು.

"ಟ್ರಾನ್ಸಿಸ್ಟರ್ ಏರಿಯಲ್ ತುಂಡು! ತುದಿ ಕಲ್ಲಿಗೆ ಉಜ್ಜಿ ತೆಳ್ಳಗೆ ಮಾಡವ್ನೆ. ಗೂಡಿಗೆ ತೂರಿಸಿದ್ರೆ ಪಿನ್ನಿನ ಕೊಕ್ಕೆ ಮಡಚ್ಕೊಂಡು ಪಿನ್ನು ಆಚೆ ಬತ್ತದೆ. ಕೊಕ್ಕೆ ಎಬ್ಬಿಸಿ ಮತ್ತೆ ತಳ್ಳಿದ್ರೆ ಜಾರಲ್ಲ. ಭೇಷ್!"

ಕೆಂಪು ತಂತಿಗೆ ಕಪ್ಪು ದಾರ ಕಟ್ಟಿತ್ತು.

"ದೃಷ್ಟಿದಾರ!" ಎಂದೆ. ಪಕ್ಕದ ಮನೆಯ ಮುನಿರತ್ನಮ್ಮ ಹಸುವಿಗೂ ಕಟ್ಟುವಾಕೆ, ಹೊಲಿಗೆ ಮಿಷನ್ನಿಗೂ ಕಟ್ಟುವಾಕೆ.

"ನೀನೇನಮ್ಮಾ ಕಟ್ಟಿದ್ದು?" ಕೋದಂಡಪ್ಪ ಆಕೆಯನ್ನು ಕರೆದು ಕೇಳಿದರು.

"ಆ ಗುರ್ರ್ ಅನ್ನೋ ಪೀಡೆಗೆ ನಾನ್ಯಾಕಣ್ಣಾ ಕಟ್ಲಿ? ಕೆಟ್ಟೋಯ್ತಲ್ಲ ಅಂತ ನೆಮ್ಮದಿಯಾಗಿದ್ದೆ!"

ಕ್ಯಾಸಂಬಳ್ಳಿಯಿಂದ ಹಾಲು ತರುವ ಸೊಣ್ಣಪ್ಪ ಬಂದ. ಅವನ ಸೈಕಲ್ಲಿಗೆ ತೂಗುಹಾಕಿದ್ದ ಟ್ರಾನ್ಸಿಸ್ಟರಿನ ಏರಿಯಲ್ ಮುರಿಯದೆ ನೆಟ್ಟಗಿತ್ತು. ಕೋದಂಡಪ್ಪ ಅವನನ್ನೂ ವಿಚಾರಿಸಿದರು.

"ಮೊಮ್ಮಗಂಗೆ ಜೀಪು ಕೊಡಿ ಅಂತ ಕೇಳಿದ್ದೆ, ನಿಜ. ಕದ್ದಿದ್ರೆ ವಾಪಸ್ ಯಾಕೆ ತತ್ತೀನಿ ಸ್ವಾಮಿ?"

ಕೋದಂಡಪ್ಪ ಕುಪ್ಪುಸ್ವಾಮಿಯತ್ತ ತಿರುಗಿದರು. "ಈ ಬೀದೀಲಿ ಇನ್ಯಾರು ಓಡಾಡ್ತಾರೆ?"

"ಪೆರುಮಾಳ್." ಕುಪ್ಪುಸ್ವಾಮಿ ಮುಖ ಗಂಟಿಕ್ಕಿದರು. "ಗಣಿದೀಪದ ಬ್ಯಾಟರಿ ರಿಪೇರೀಲಿ ನನ್ ಜೊತೆ ಇದ್ದೋನು. ಈಗ ಎದುರಿಗೆ ಕೈ ಎತ್ತಿದ್ರೂ ಕಂಡೂ ಕಾಣ್ದಂಗೆ ಓಗ್ತಾನೆ. ಅವನ ಮಾತು ಬ್ಯಾಡಿ."

"ಬಾಯಿಬಿಟ್ಟು ಕರೆದಿದ್ರಾ?"

"ನಾನ್ಯಾಕೆ ಕರೀಲಿ?"

ಕೋದಂಡಪ್ಪ ಕಣ್ಣು ಮುಚ್ಚಿ ದಾರವನ್ನು ಬೆರಳಲ್ಲಿ ಸವರಿದರು.

"ದೃಷ್ಟಿದಾರ ಕಟ್ಟೋದು ಜನರ ಕಣ್ಣಿಗೆ ಬೀಳೋ ಕಡೆ. ಮುಚ್ಚಳದ ಒಳಗಲ್ಲ. ಒಂದು ತಂತಿ ಕೆಂಪು, ಒಂದು ಕಪ್ಪು— ಅದಲುಬದಲಾಗ್ದಂಗೆ ಗುರುತು ಯಾರಿಗೆ ಬೇಕು? ಬಣ್ಣ ಕಾಣದೋರಿಗೆ. ಬೆರಳಲ್ಲೇ ಕೆಲಸ ಮಾಡೋರಿಗೆ. ಕುಪ್ಪುಸ್ವಾಮಿಯವರೇ, ಕದ್ದೋರು ಪೆರುಮಾಳ್. ಅವ್ರು ಕಂಡೂ ಕಾಣ್ದಂಗೆ ಓಗ್ತಿಲ್ಲ. ಕಾಣ್ದೇನೇ ಓಗ್ತಾವ್ರೆ."

ಕುಪ್ಪುಸ್ವಾಮಿ ರಿಮೋಟ್ ಕೈಗೆತ್ತಿಕೊಂಡರು.

ಬೀದಿಯ ಕೊನೆಯಲ್ಲಿದ್ದ ಪೆರುಮಾಳ್ ಮನೆಗೆ ಜೀಪನ್ನು ಓಡಿಸಿಕೊಂಡೇ ಹೋದರು, ಹಿಂದೆ ನಾವು. ಅದು ಗುರ್ರ್ ಎಂದು ಹೊಸ್ತಿಲಿಗೆ ಡಿಕ್ಕಿ ಹೊಡೆಯಿತು. ಒಳಗೆ ಏರಿಯಲ್ ಮುರಿದ ಟ್ರಾನ್ಸಿಸ್ಟರಿನ ಪಕ್ಕ ಕೂತಿದ್ದ ಪೆರುಮಾಳ್ ತಲೆಯೆತ್ತಿ, ನಾವಿಲ್ಲದ ಕಡೆಗೆ ನಕ್ಕರು.

"ಸಂಜೆಯೆಲ್ಲ ಇದರ ಸದ್ದು ಕೇಳ್ಕೊಂಡು ಕೂತಿರ್ತಿದ್ದೆ. ನಿಂತೋಯ್ತು. ಬೀದೀಲಿ ಯಾರೂ ಇಲ್ದಂಗಾಯ್ತು. ಗೋಡೆ ಸವರ್ಕೊಂಡು ಬಂದು ಎತ್ಕೊಂಡೋದೆ."

"ಯಾಕೋ ನನ್ನ ಕೂಗ್ಲಿಲ್ಲ?"

"ನೀನೇ ಮಾತು ಬಿಟ್ಟಿದ್ಯಲ್ಲೋ ಕುಪ್ಪು. ದಾರೀಲಿ ನಿನ್ ಕೆಮ್ಮು ಕೇಳ್ತಿತ್ತು. ಒಂದಿನಾನೂ ಪೆರುಮಾಳಾ ಅನ್ಲಿಲ್ಲ ನೀನು."

ಕುಪ್ಪುಸ್ವಾಮಿ ಏನೋ ಹೇಳಹೊರಟರು. ಬಂದದ್ದು ಕೆಮ್ಮು ಮಾತ್ರ.

"ಹೂಂ, ಇದೇ," ಎಂದರು ಪೆರುಮಾಳ್, ಪಕ್ಕದ ಚಾಪೆ ತಟ್ಟುತ್ತ. "ಬಾ, ಕೂತ್ಕೋ."